ಗೀಸರ್ ಒಳಗೆ ಗಂಜಿ ಕುದಿಯುವ ಸದ್ದು

ಅಮ್ಮ ಊರಿನಿಂದ ಬಂದು ಮೂರು ದಿನ ಆಗಿತ್ತು. ಬೆಳಿಗ್ಗೆ ಆರೂವರೆಗೆ ನಾನು ಕಾಫಿಗೆ ಹಾಲು ಇಡುತ್ತಿದ್ದೆ. ಅವರು ಟವೆಲ್ ಹೆಗಲ ಮೇಲೆ ಹಾಕಿಕೊಂಡು ಬಚ್ಚಲಿನ ಬಾಗಿಲಲ್ಲಿ ನಿಂತು ಮೇಲೆ ನೋಡುತ್ತಿದ್ದರು. “ಎಂತ ಸದ್ದು ಮಗಾ ಅದು? ಕುಚ್ಚಲಕ್ಕಿ ಗಂಜಿ ಕುದಿಯುವ ಹಾಗೆ ಕೇಳ್ತದೆ” ಅಂದರು.

ನಾನೂ ಹೋಗಿ ನಿಂತೆ. ಹೌದು. ಗೀಸರ್ ಒಳಗಿನಿಂದ ಕೊತಕೊತ ಅಂತ ಸದ್ದು. ನಡುವೆ ಒಮ್ಮೊಮ್ಮೆ ಟಕ್ ಅಂತ ಒಂದು ಪೆಟ್ಟು, ಪಾತ್ರೆಯೊಳಗೆ ಕಲ್ಲು ಬಿದ್ದ ಹಾಗೆ. ಈ ಸದ್ದು ಎಷ್ಟು ದಿನದಿಂದ ಇತ್ತೋ. ನಾವು ಸ್ವಿಚ್ ಹಾಕಿ ಅಡುಗೆಮನೆಗೆ ಹೋಗಿಬಿಡುತ್ತೇವೆ. ಇಪ್ಪತ್ತು ನಿಮಿಷ ಬಿಟ್ಟು ಬಂದು ನಲ್ಲಿ ತಿರುಗಿಸುತ್ತೇವೆ. ನಡುವೆ ಆ ಡಬ್ಬದ ಒಳಗೆ ಏನು ನಡೆಯುತ್ತದೆ ಅಂತ ಯಾರು ಕೇಳಿಸಿಕೊಳ್ಳುತ್ತಾರೆ? ಅಮ್ಮ ಕೇಳಿಸಿಕೊಂಡರು. ಕುಂದಾಪುರದ ಕಡೆಯ ನಮ್ಮ ಮನೆಯಲ್ಲಿ ಜೀವಮಾನ ಪೂರ್ತಿ ಹಂಡೆಯ ಪಕ್ಕ ಕೂತು ನೀರು ಕಾಯಿಸಿದವರು ಅವರು.

ಇದು 2023ರ ಮಾತು. ಮಳೆಗಾಲ ಮುಗಿಯುತ್ತಿತ್ತು. ಪುಣೆಯ ವಾಘೋಲಿಯಲ್ಲಿ ನಾವು ಮನೆ ಮಾಡಿ ಆಗ 5 ವರ್ಷ. ಗೀಸರಿಗೂ ಅಷ್ಟೇ ವಯಸ್ಸು. ಅದು ಇನ್ನೂ ಹೊಸದು ಅಂತಲೇ ನಾನು ನಂಬಿದ್ದೆ. ಹಾಗೆ ನಂಬುವುದಕ್ಕೆ ನನಗೆ ಕಾರಣವೂ ಇತ್ತು.

ಪುಣೆಗೆ ಬರುವ ಮುಂಚೆ ನಾವು ಮುಂಬಯಿಯ ಮುಲುಂಡ್‌ನಲ್ಲಿ ಇದ್ದೆವು. ಅಲ್ಲಿ 2004ರಲ್ಲಿ ಹಾಕಿಸಿದ ಗೀಸರ್ 14 ವರ್ಷ ನಡೆಯಿತು. ಅದೇ 15 ಲೀಟರಿನದು, ಅದೇ ಕಂಪನಿಯದು. ನೀರು ಕಾದಾಗ ಕರೆಂಟು ಕಡಿಯುವ ಥರ್ಮೋಸ್ಟಾಟ್ ಎರಡು ಸಲ ಬದಲಾಯಿಸಿದ್ದೆವು, ನೀರು ಕಾಯಿಸುವ ಕಾಯಿಲ್ ಒಂದು ಸಲ. ಬೇರೆ ಯಾವ ತಕರಾರೂ ಇರಲಿಲ್ಲ. ಹಾಗಾಗಿ ಗೀಸರ್ ಅಂದರೆ ಹದಿನಾಲ್ಕು ವರ್ಷ ಅನ್ನುವ ಒಂದು ಲೆಕ್ಕ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು.

ಅದರ ಕೊನೆಯ ದಿನಗಳನ್ನೂ ಹೇಳಬೇಕು. ಕಡೆಯ ಒಂದೆರಡು ವರ್ಷ ಬೆಳಿಗ್ಗೆ ಮೊದಲ ಚೊಂಬು ಬಿಸಿನೀರು ಚಹಾದ ಬಣ್ಣದಲ್ಲಿ ಬರುತ್ತಿತ್ತು. ರಸ್ತೆ ಅಗೆದಿದ್ದಾರೆ, ಪೈಪಿನ ಕೊಳೆ ಬಂದಿರಬೇಕು ಅಂದುಕೊಂಡು ಆ ಚೊಂಬು ಚೆಲ್ಲಿ ಸ್ನಾನ ಮಾಡುತ್ತಿದ್ದೆವು. ಪಕ್ಕದ ತಣ್ಣೀರಿನ ನಲ್ಲಿಯನ್ನು ಒಮ್ಮೆ ತಿರುಗಿಸಿ ನೋಡಿದ್ದರೆ ಸಾಕಿತ್ತು. ತಣ್ಣೀರು ತಿಳಿಯಾಗಿದೆ, ಬಿಸಿನೀರು ಮಾತ್ರ ಕೆಂಪು ಅಂದರೆ ತುಕ್ಕು ಪೈಪಿನದಲ್ಲ, ಗೀಸರಿನ ಹೊಟ್ಟೆಯದು. ಎರಡೂ ಕೆಂಪಾದರೆ ಆಗ ರಸ್ತೆಯನ್ನು ಬೈಯಬಹುದು.

ಆಮೇಲೆ ಒಂದು ದಿನ ಗೀಸರಿನ ತಳದಿಂದ ಹನಿ ಬಿತ್ತು. ನಾನು ಸಂದುಗಳನ್ನೆಲ್ಲ ಒರೆಸಿ, ಒಣ ಪೇಪರ್ ಸುತ್ತಿ ಇಟ್ಟೆ. ನೀರು ಒಳಗೆ ಬರುವ ಪೈಪಿನ ಸಂದಿಗೆ ಒಂದು, ಹೊರಗೆ ಹೋಗುವ ಸಂದಿಗೆ ಒಂದು, ವಾಲ್ವಿಗೆ ಒಂದು. ಒಂದು ಗಂಟೆ ಬಿಟ್ಟು ನೋಡಿದರೆ ಮೂರೂ ಒಣಗಿದ್ದವು. ಆದರೂ ಕೆಳಗೆ ಹನಿ. ಹೊರ ಕವಚದ ಅಂಚಿನಲ್ಲಿ ಸಣ್ಣ ಕಂದು ಗೆರೆ. ಸಂದಿಯಲ್ಲಿ ಸೋರಿದರೆ ಐವತ್ತು ರೂಪಾಯಿಯ ವಾಷರ್ ಸಾಕು. ಮೈಯಿಂದಲೇ ಸೋರಿದರೆ ಗೀಸರ್ ಮುಗಿಯಿತು. ಮುಲುಂಡ್‌ನ ಪ್ಲಂಬರ್ ಕೆಳಗಿನಿಂದ ಕೈ ಒತ್ತಿ ನೋಡಿ “ಟಾಕಿ ಗೇಲಿ” ಅಂದ. ಟ್ಯಾಂಕ್ ಹೋಯಿತು ಅಂತ. ಅಷ್ಟೇ ಅವನು ಹೇಳಿದ್ದು. ಬೇರೆ ಕೇಳುವುದೂ ಇರಲಿಲ್ಲ.

ಅಂಥ ಗೀಸರ್ ಹದಿನಾಲ್ಕು ವರ್ಷ ಬಂತು. ಅದೇ ತರದ್ದು ವಾಘೋಲಿಯಲ್ಲಿ ಐದಕ್ಕೇ ಗಂಜಿ ಕುದಿಸತೊಡಗಿತು. ಯಾಕೆ?

ಉತ್ತರ ಅಡುಗೆಮನೆಯಲ್ಲೇ ಇತ್ತು. ನಾನು ಜೋಡಿಸಿಕೊಂಡಿರಲಿಲ್ಲ, ಅಷ್ಟೇ. ವಾಘೋಲಿಗೆ ಬಂದ ಮೇಲೆ ತೊಗರಿಬೇಳೆ ಎಷ್ಟು ಕೂಗಿಸಿದರೂ ಕರಗುತ್ತಿರಲಿಲ್ಲ. ಸ್ಟೀಲ್ ಲೋಟಗಳ ಮೇಲೆ ಒಣಗಿದ ಬಿಳಿ ಚುಕ್ಕೆ. ಶವರಿನ ತೂತುಗಳು ಒಂದೊಂದಾಗಿ ಮುಚ್ಚಿಹೋಗಿದ್ದವು. ಸೋಪು ನೊರೆ ಬರುವುದಿಲ್ಲ ಅಂತ ಬ್ರ್ಯಾಂಡ್ ಬದಲಾಯಿಸಿದ್ದೆ. ನಮ್ಮ ಸೊಸೈಟಿಯಲ್ಲಿ ವಿಜಯಪುರದ ಕಡೆಯ ಗೆಳತಿ ಒಬ್ಬರಿದ್ದಾರೆ. ಅವರಿಗೆ ಗೀಸರಿನ ವಿಷಯ ಹೇಳಿದಾಗ ಒಂದೇ ಮಾತಿನಲ್ಲಿ ಮುಗಿಸಿದರು: “ಸವಳ ನೀರ್ರಿ ಅಕ್ಕಾ ಇದು. ಚೊಂಬಿಗೆ ಬಿಳಿ ಹತ್ತೇತಿ ಅಂದ್ರ ಗೀಸರಿನ ಒಳಗೂ ಹತ್ತೇತಿ ಅಂತ ತಿಳ್ಕೋರಿ.”

ಮುಲುಂಡ್‌ಗೆ ಬರುವುದು ಕೆರೆ-ಅಣೆಕಟ್ಟಿನ ನೀರು. ತಾನ್ಸಾ, ವೈತರಣಾ, ಭಾತ್ಸಾ. ಸಹ್ಯಾದ್ರಿಯ ಮಳೆ ತುಂಬಿ ನಿಂತ ನೀರು, ಮೆದು. ಪುಣೆ ಊರೊಳಗೂ ಹಾಗೆಯೇ. ಖಡಕ್‌ವಾಸ್ಲಾ, ಪಾನ್‌ಶೇತ್, ವರಸಗಾಂವ್, ಟೆಮ್‌ಘರ್ ಅಣೆಕಟ್ಟುಗಳ ನೀರು ಕುಡಿಯುವ ಹಳೆಯ ಪೇಟೆಗಳಲ್ಲಿ ಗೀಸರ್ ಚೆನ್ನಾಗಿಯೇ ಬಾಳುತ್ತದೆ. ಆದರೆ ಊರಿನ ಅಂಚಿನ ಕತೆ ಬೇರೆ. 2021ರಲ್ಲಿ ಪುಣೆ ಮಹಾನಗರಪಾಲಿಕೆಗೆ ಸೇರಿದ 23 ಹಳ್ಳಿಗಳಲ್ಲಿ ವಾಘೋಲಿಯೂ ಒಂದು. ಸೇರಿದ್ದು ಕಾಗದದ ಮೇಲೆ. ನಮ್ಮ ಸೊಸೈಟಿಯ ತೊಟ್ಟಿಗೆ ನೀರು ಬರುತ್ತಿದ್ದದ್ದು ಬೋರಿನಿಂದ ಮತ್ತು ಟ್ಯಾಂಕರಿನಿಂದ. ಟ್ಯಾಂಕರಿನದೂ ಯಾವುದೋ ಬೋರಿನ ನೀರೇ.

ಇಲ್ಲಿ ನೆಲದಡಿ ಇರುವುದು ದಖ್ಖನ್ನಿನ ಕಪ್ಪು ಕಲ್ಲು, ಬಸಾಲ್ಟ್. ಅದರ ಬಿರುಕುಗಳಲ್ಲಿ ಇಳಿಯುವ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡನ್ನೂ ಕರಗಿಸಿಕೊಂಡು ಬರುತ್ತದೆ. ಕುಡಿಯುವ ನೀರಿಗೆ ನಮ್ಮಲ್ಲಿ ಐಎಸ್ 10500 ಅಂತ ಒಂದು ಮಾನಕ ಇದೆ. ಅದರ ಪ್ರಕಾರ ನೀರಿನ ಗಡಸುತನ, ಅಂದರೆ ಈ ಎರಡರ ಅಂಶ ಸೇರಿಸಿದ ಲೆಕ್ಕ, ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲ ಅಂದಾಗ 600ರವರೆಗೆ ನಡೆಯುತ್ತದೆ. ನಮ್ಮ ಸೊಸೈಟಿಯವರು ಪರೀಕ್ಷೆ ಮಾಡಿಸಿದಾಗ 500 ದಾಟಿತ್ತು. ತಣ್ಣಗಿರುವಾಗ ಈ ಕ್ಯಾಲ್ಸಿಯಂ ನೀರಿನಲ್ಲಿ ಕರಗಿ ಸುಮ್ನೆ ಇರುತ್ತದೆ. ಕಾಯಿಸಿದರೆ ಬೇರೆಯಾಗಿ, ಸುಣ್ಣವಾಗಿ, ಎಲ್ಲಿ ಬಿಸಿ ಜಾಸ್ತಿಯೋ ಅಲ್ಲೇ ಹೋಗಿ ಅಂಟುತ್ತದೆ. ಗೀಸರ್ ಒಳಗೆ ಎಲ್ಲಕ್ಕಿಂತ ಬಿಸಿ ಇರುವುದು ಕಾಯಿಲ್. ಮೊದಲ ಪೆಟ್ಟು ಅದಕ್ಕೆ.

ಅಮ್ಮ ಕೇಳಿದ ಗಂಜಿಯ ಸದ್ದು ಇದೇ. ಕಾಯಿಲ್ ಮೇಲೆ, ತಳದಲ್ಲಿ ಸುಣ್ಣ ದಪ್ಪಗೆ ಕೂತಿರುತ್ತದೆ. ಅದರಡಿ ಸಿಕ್ಕಿಕೊಂಡ ಒಂದಿಷ್ಟು ನೀರು ಅಲ್ಲೇ ಕುದಿದು ಆವಿಯಾಗುತ್ತದೆ. ಆವಿ ಸುಣ್ಣವನ್ನು ಎತ್ತಿ ಹೊರಗೆ ಬರುತ್ತದೆ. ಅನ್ನದ ಪಾತ್ರೆಯ ಮುಚ್ಚಳ ಎಗರುವುದಿಲ್ಲವೇ, ಹಾಗೆ.

ಸದ್ದು ಕೇಳಿದ ಮೇಲೆ ಇನ್ನೊಂದು ವಿಷಯವೂ ಹೊಳೆಯಿತು. ಮೊದಲು ಒಂದು ಸಲ ಕಾಯಿಸಿದರೆ ನಾನೂ ಇವರೂ ಇಬ್ಬರೂ ಸ್ನಾನ ಮಾಡುತ್ತಿದ್ದೆವು. ಈಚೆಗೆ ಒಬ್ಬರಿಗೇ ಸಾಲುತ್ತಿರಲಿಲ್ಲ. ಕೆಂಪು ಲೈಟು ಮಾತ್ರ ಬೇಗ ಆರಿಹೋಗುತ್ತಿತ್ತು. ಬೇಗ ಆರುತ್ತದೆ ಅಂದರೆ ಬೇಗ ಕಾಯುತ್ತದೆ ಅಂತ ನಾವು ತಿಳಿದಿದ್ದೆವು. ಲೆಕ್ಕ ಹಾಕಿ ನೋಡಿ. 15 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು 0.6 ಯೂನಿಟ್ ಕರೆಂಟು ಬೇಕು. 2000 ವ್ಯಾಟಿನ ಕಾಯಿಲಿಗೆ ಅದು 18 ನಿಮಿಷದ ಕೆಲಸ. ಡಿಸೆಂಬರಿನ ಪುಣೆಯಲ್ಲಿ ತೊಟ್ಟಿಯ ನೀರು ಇನ್ನೂ ತಣ್ಣಗಿರುತ್ತದೆ, ಆಗ ಇನ್ನೂ ನಾಲ್ಕೈದು ನಿಮಿಷ ಜಾಸ್ತಿ. ನಮ್ಮದು ಏಳೆಂಟು ನಿಮಿಷಕ್ಕೇ ಲೈಟು ಆರಿಸುತ್ತಿತ್ತು. ಅಷ್ಟು ಬೇಗ ನೀರು ಕಾಯುವುದು ಸಾಧ್ಯವೇ ಇಲ್ಲ. ಥರ್ಮೋಸ್ಟಾಟಿನ ಕಡ್ಡಿ ಕಾಯಿಲಿನ ಪಕ್ಕದಲ್ಲೇ ಇರುತ್ತದೆ. ಎರಡರ ನಡುವೆ ಸುಣ್ಣ ತುಂಬಿಕೊಂಡರೆ ಅದಕ್ಕೆ ಕಾಯಿಲಿನ ಬಿಸಿ ತಟ್ಟುತ್ತದೆ, ನೀರಿನ ಬಿಸಿ ಅಲ್ಲ. ನೀರು ಕಾಯಿತು ಅಂತ ತಿಳಿದು ಕರೆಂಟು ಕಡಿದುಬಿಡುತ್ತದೆ. ನಿಮ್ಮ ಗೀಸರ್ ಎಷ್ಟು ನಿಮಿಷಕ್ಕೆ ಲೈಟು ಆರಿಸುತ್ತದೆ, ಆಮೇಲೆ ಎಷ್ಟು ಬಕೆಟ್ ಬಿಸಿನೀರು ಬರುತ್ತದೆ ಅಂತ ಒಂದು ಭಾನುವಾರ ನೋಡಿ ಬರೆದಿಡಿ. ಆರು ತಿಂಗಳು ಬಿಟ್ಟು ಮತ್ತೆ ನೋಡಿ. ಇದಕ್ಕೆ ಯಾವ ಮೆಕ್ಯಾನಿಕ್ಕೂ ಬೇಡ.

ಸರ್ವಿಸಿಗೆ ಜನ ಬಂದರು. ಕೆಳಗಿನ ಮುಚ್ಚಳ ಬಿಚ್ಚಿ ಕಾಯಿಲನ್ನು ಹೊರಗೆ ಎಳೆಯುವಾಗ ಅದು ಬರಲೇ ಇಲ್ಲ. ಎರಡು ಬೆರಳು ಹೋಗುವಷ್ಟು ಜಾಗದಲ್ಲಿ ಇರಬೇಕಾದ ತಾಮ್ರದ ಸುರುಳಿ ಒಂದು ಬಿಳಿ ಗಡ್ಡೆಯಾಗಿತ್ತು. ಸ್ಕ್ರೂಡ್ರೈವರಿನಿಂದ ಕುಟ್ಟಿ ಕುಟ್ಟಿ ಬಿಡಿಸಿದರು. ಸಮುದ್ರದ ದಡದಲ್ಲಿ ಚಿಪ್ಪು ಮೆತ್ತಿಕೊಂಡ ಕಲ್ಲು ಸಿಗುತ್ತದಲ್ಲ, ಹಾಗೇ ಇತ್ತು. ಆಮೇಲೆ ತಳದಿಂದ ಸುಣ್ಣದ ಹಳುಕುಗಳು ಸುರಿದವು. ಹಳೇ ಪೇಂಟಿನ ಡಬ್ಬಿ ಅರ್ಧ ತುಂಬಿತು. ಅಮ್ಮ ಒಂದು ಹಳುಕು ಎತ್ತಿ ಉಗುರಿನಿಂದ ಕೆರೆದರು. “ಎಲೆಗೆ ಹಚ್ಚುವ ಸುಣ್ಣವೇ” ಅಂದರು.

ಆ ದಿನ ನಾನು ಜೀವನದಲ್ಲಿ ಮೊದಲ ಸಲ ಅನೋಡ್ ರಾಡ್ ಅನ್ನುವುದನ್ನು ನೋಡಿದೆ. ನೋಡಿದೆ ಅನ್ನುವುದೂ ಸರಿಯಲ್ಲ, ಅದು ಇರಲಿಲ್ಲ. ಹೆಬ್ಬೆರಳಿನಷ್ಟು ದಪ್ಪ ಇರಬೇಕಾದ ಕಡ್ಡಿಯ ಜಾಗದಲ್ಲಿ ಸೈಕಲ್ಲಿನ ಕಡ್ಡಿಯಂಥ ಒಂದು ತಂತಿ ಉಳಿದಿತ್ತು. ಅದರ ತುದಿಯಲ್ಲಿ ಬೂದು ಬಣ್ಣದ ಒಂದು ಉಂಡೆ.

ಗೀಸರಿನ ಇಡೀ ಆಯುಸ್ಸು ಈ ಕಡ್ಡಿಯಲ್ಲಿದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಟ್ಯಾಂಕು ಉಕ್ಕಿನದು. ಅದರ ಒಳಮೈಗೆ ಗಾಜಿನಂಥ ಎನಾಮಲ್ ಲೇಪ ಇರುತ್ತದೆ. ಲೇಪ ಎಷ್ಟೇ ಚೆನ್ನಾಗಿದ್ದರೂ ಎಲ್ಲೋ ಒಂದು ಕಡೆ ಸೂಜಿಮೊನೆಯಷ್ಟು ಬಿಟ್ಟುಹೋಗಿರುತ್ತದೆ. ನೀರು ಅಲ್ಲಿಂದ ಉಕ್ಕನ್ನು ತಿನ್ನಲು ಶುರು ಮಾಡುತ್ತದೆ. ಅದಕ್ಕೇ ಒಳಗೆ ಮೆಗ್ನೀಸಿಯಂ ಕಡ್ಡಿ ಇಡುತ್ತಾರೆ. ಉಕ್ಕಿಗಿಂತ ಬೇಗ ಸವೆಯುವ ಲೋಹ ಅದು. ನೀರು ಮೊದಲು ಅದನ್ನು ತಿನ್ನುತ್ತದೆ. ಕಡ್ಡಿ ಇರುವಷ್ಟು ದಿನ ಟ್ಯಾಂಕು ಉಳಿಯುತ್ತದೆ. ಕಡ್ಡಿ ಮುಗಿದ ದಿನದಿಂದ ಟ್ಯಾಂಕಿನ ಸರದಿ. ಉಪ್ಪು ಜಾಸ್ತಿ ಇರುವ ನೀರಿನಲ್ಲಿ ಕಡ್ಡಿ ಇನ್ನೂ ಬೇಗ ಕರಗುತ್ತದೆ. ಕೆಲವೇ ನೂರು ರೂಪಾಯಿಯ ವಸ್ತು ಅದು. ವರ್ಷ ವರ್ಷ ತೆಗೆದು ನೋಡಿ, ಸಪೂರ ಆದಾಗ ಬದಲಾಯಿಸಿದ್ದರೆ ನಮ್ಮ ವಾಘೋಲಿಯ ಗೀಸರ್ ಎಷ್ಟು ವರ್ಷ ಬರುತ್ತಿತ್ತೋ.

ಅಮ್ಮ ಆ ತಂತಿಯನ್ನು ಕೈಯಲ್ಲಿ ಹಿಡಿದು ತುಂಬ ಹೊತ್ತು ನೋಡಿದರು. “ನಾವು ಹಂಡೆಯನ್ನು ವರ್ಷಕ್ಕೊಮ್ಮೆಯಾದರೂ ಇಳಿಸಿ ನೋಡ್ತಿದ್ದೆವು. ನೀವು ಇದನ್ನು ಐದು ವರ್ಷದಲ್ಲಿ ಒಮ್ಮೆಯೂ ಬಿಚ್ಚಲಿಲ್ಲವಾ?” ಅಂತ ಕೇಳಿದರು. ಬೈದದ್ದಲ್ಲ. ನಿಜಕ್ಕೂ ಆಶ್ಚರ್ಯದಿಂದ ಕೇಳಿದ್ದು.

ನಮ್ಮ ಕಡೆ ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಬಚ್ಚಲಿನ ತಾಮ್ರದ ಹಂಡೆಯನ್ನು ಒಲೆಯಿಂದ ಇಳಿಸಿ, ಹೊರಗೆ ಅಂಗಳಕ್ಕೆ ತಂದು, ಹುಣಸೆಹುಳಿ ಹಚ್ಚಿ ತೆಂಗಿನ ನಾರಿನಲ್ಲಿ ತಿಕ್ಕುತ್ತಿದ್ದೆವು. ಒಳಗೆ ಕೈ ಹಾಕಿ ತಳದ ಗಸಿ ತೆಗೆಯುವುದು ಮಕ್ಕಳ ಕೆಲಸ. ದೊಡ್ಡವರ ಕೈ ಹೋಗುತ್ತಿತ್ತು, ಆದರೆ ಬಗ್ಗಿ ಒಳಗೆ ತಲೆ ಹಾಕಬೇಕಿತ್ತಲ್ಲ. ಅಪ್ಪ ಹಂಡೆಯನ್ನು ಬಿಸಿಲಿಗೆ ಎತ್ತಿ ಹಿಡಿದು ಒಳಗಿನಿಂದ ನೋಡುತ್ತಿದ್ದರು. ಎಲ್ಲಾದರೂ ಬೆಳಕಿನ ಚುಕ್ಕೆ ಕಂಡರೆ ತೂತು. ಹಬ್ಬ ಮುಗಿದ ಮೇಲೆ ಬೆಸುಗೆಗೆ ಕಳುಹಿಸುತ್ತಿದ್ದರು. ಆಮೇಲೆ ಬಿಳಿ ಶೇಡಿ ಮಣ್ಣಿನಲ್ಲಿ ಗೆರೆ ಎಳೆದು, ಕೊರಳಿಗೆ ಬಳ್ಳಿ ಸುತ್ತಿ, ಬಾವಿಯಿಂದ ನೀರು ಸೇದಿ ತುಂಬುವುದು. ಅದನ್ನು ನಾನು ಪೂಜೆ ಅಂತ ಮಾತ್ರ ತಿಳಿದಿದ್ದೆ. ವರ್ಷಕ್ಕೊಮ್ಮೆ ಹಂಡೆಯ ಒಳಗೂ ಹೊರಗೂ ಪೂರ್ತಿ ಕಣ್ಣು ಹಾಯಿಸುವ ದಿನ ಅದು ಅಂತ ಈಗ ಹೊಳೆಯುತ್ತದೆ.

ಸರ್ವಿಸ್ ಆಯಿತು. ಹೊಸ ಕಡ್ಡಿ, ಹೊಸ ಗ್ಯಾಸ್ಕೆಟ್. ಕಾಯಿಲನ್ನು ಆಮ್ಲದಲ್ಲಿ ತೊಳೆದು ಅದನ್ನೇ ಹಾಕಿದರು. ಸದ್ದು ನಿಂತಿತು. ಇಬ್ಬರ ಸ್ನಾನಕ್ಕೆ ನೀರು ಸಾಕಾಯಿತು. ನಾನು ನಿಶ್ಚಿಂತೆಯಾದೆ. ಇಲ್ಲಿ ನಾನು ತಪ್ಪಿದೆ. ಅದನ್ನು ಬರೆಯಬೇಕು ಅಂತಲೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ಜನವರಿಯಲ್ಲಿ ಒಂದು ದಿನ ಅಮ್ಮ ಸ್ನಾನ ಮಾಡಿ ಬಂದು “ನೀರು ಚುಚ್ಚುತ್ತದೆ” ಅಂದರು.

“ಬಿಸಿ ಜಾಸ್ತಿ ಆಯ್ತಾ ಅಮ್ಮಾ?”

“ಬಿಸಿ ಅಲ್ಲ. ಚುಚ್ಚುತ್ತದೆ. ನಲ್ಲಿ ಮುಟ್ಟಿದರೆ ಇರುವೆ ಕಚ್ಚಿದ ಹಾಗೆ.”

ಪುಣೆಯ ಚಳಿಗೆ ಕೈ ಒಡೆದಿದೆ, ಅದಕ್ಕೆ ಉರಿಯುತ್ತದೆ ಅಂತ ಇವರು ಹೇಳಿದರು. ನಾನೂ ಹಾಗೇ ಅಂದುಕೊಂಡೆ. ತೆಂಗಿನೆಣ್ಣೆ ಹಚ್ಚಿಕೊಟ್ಟೆ. ಮರುದಿನವೂ ಅಮ್ಮ ಅದನ್ನೇ ಹೇಳಿದರು. ಅದರ ಮರುದಿನವೂ. ನಾನೂ ಇವರೂ ರಬ್ಬರ್ ಚಪ್ಪಲಿ ಹಾಕಿಕೊಂಡೇ ಬಚ್ಚಲಿಗೆ ಹೋಗುವವರು. ಅಮ್ಮ ಬರಿಗಾಲು. ನಮಗೆ ಗೊತ್ತಾಗದಿದ್ದುದು ಅದಕ್ಕೇ. ಮೂರು ದಿನ ನಾನು ಅಮ್ಮನ ಮಾತು ನಂಬಲಿಲ್ಲ. ಎಪ್ಪತ್ತೆರಡು ವರ್ಷದ ಹೆಂಗಸು, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು, ಮೂರು ದಿನ.

ನಾಲ್ಕನೇ ದಿನ ನಾನೇ ಚಪ್ಪಲಿ ಬಿಟ್ಟು ನಿಂತು ಬೆರಳಿನ ಹಿಂಭಾಗದಿಂದ ನಲ್ಲಿ ಮುಟ್ಟಿದೆ. ಹಾಗೆ ಮಾಡಿದ್ದೂ ತಪ್ಪೇ, ನೀವು ಯಾರೂ ಮಾಡಬೇಡಿ. ಝುಂ ಅಂತ ಮೊಣಕೈವರೆಗೆ ಏರಿತು. ಓಡಿಹೋಗಿ ಮೇನ್ ಸ್ವಿಚ್ ಇಳಿಸಿದೆ.

ಸೊಸೈಟಿಯ ಎಲೆಕ್ಟ್ರಿಷಿಯನ್ ದಾದಾ ಬಂದರು. ನಿಧಾನದ ಮನುಷ್ಯ, ಕೆಲಸ ಗಟ್ಟಿ. ಟೆಸ್ಟರ್ ಇಟ್ಟು ಒಂದೊಂದೇ ತೋರಿಸಿದರು. ಸುಣ್ಣದಡಿ ಎಷ್ಟೋ ಕಾಲ ವಿಪರೀತ ಕಾದಿದ್ದ ಕಾಯಿಲಿನ ಕವಚ ಒಂದು ಕಡೆ ಸೀಳಿತ್ತು. ಆ ಸೀಳಿನಿಂದ ಕರೆಂಟು ನೀರಿಗೆ ಇಳಿಯುತ್ತಿತ್ತು. ಅರ್ಥಿಂಗ್ ಸರಿ ಇದ್ದಿದ್ದರೆ ಅದು ನೆಲಕ್ಕೆ ಹೋಗುತ್ತಿತ್ತು. ಸಾಕೆಟ್ಟಿನ ಹಿಂದೆ ಅರ್ಥ್ ವೈರು ಸಡಿಲವಾಗಿ ನೇತಾಡುತ್ತಿತ್ತು. ಅದಾದ ಮೇಲೂ ಒಂದು ಕಾವಲು ಇರಬೇಕಿತ್ತು. ಬೋರ್ಡಿನಲ್ಲಿ ಆರ್‌ಸಿಸಿಬಿ ಅನ್ನುವ ಸ್ವಿಚ್ ಇದೆ. 30 ಮಿಲಿಆಂಪಿನಷ್ಟು ಕರೆಂಟು ದಾರಿ ತಪ್ಪಿದರೂ ತಟ್ಟನೆ ಬೀಳುವಂಥದ್ದು. ಅದು ಯಾಕೆ ಬೀಳಲಿಲ್ಲ?

ದಾದಾ ಬೋರ್ಡ್ ಬಿಚ್ಚಿದರು. ಗೀಸರಿನ ಲೈನು ಆರ್‌ಸಿಸಿಬಿಗೆ ಸೇರಿಯೇ ಇರಲಿಲ್ಲ. ಆಗ ನೆನಪಾಯಿತು. ಒಂದೂವರೆ ವರ್ಷದ ಹಿಂದೆ ಗೀಸರ್ ಹಾಕಿದಾಗೆಲ್ಲ ಟ್ರಿಪ್ ಆಗುತ್ತಿತ್ತು. ಇಡೀ ಮನೆಯ ಕರೆಂಟು ಹೋಗುತ್ತಿತ್ತು. ಆಗ ಬಂದಿದ್ದ ಯಾರೋ ಒಬ್ಬರು ಗೀಸರಿನ ಲೈನನ್ನು ಅದರಿಂದ ಹೊರಗೆ ತೆಗೆದುಕೊಟ್ಟು ಹೋಗಿದ್ದರು. ಟ್ರಿಪ್ ಆಗುವುದು ನಿಂತಿತು. ನಾವು ಸಂತೋಷಪಟ್ಟು ಇನ್ನೂರು ರೂಪಾಯಿ ಕೊಟ್ಟು ಕಳಿಸಿದ್ದೆವು. ಗೀಸರ್ ಆಗಲೇ ಕೂಗಿ ಹೇಳಿತ್ತು, ನನ್ನ ಕಾಯಿಲ್ ಹಾಳಾಗುತ್ತಿದೆ ಅಂತ. ನಾವು ಅದರ ಬಾಯಿ ಕಟ್ಟಿದೆವು.

ಇದನ್ನು ಓದುವವರಲ್ಲಿ ಯಾರ ಮನೆಯಲ್ಲಾದರೂ ಗೀಸರ್ ಹಾಕಿದಾಗ ಟ್ರಿಪ್ ಆಗುತ್ತಿದ್ದರೆ ದಯವಿಟ್ಟು ಆ ಸ್ವಿಚ್ಚನ್ನು ಬೈಯಬೇಡಿ. ಗೀಸರ್ ಬಿಚ್ಚಿಸಿ. ನಲ್ಲಿಯಲ್ಲಿ ಒಂಚೂರು ಝುಂ ಅಂದರೂ ಆ ಕ್ಷಣವೇ ಬೋರ್ಡಿನಿಂದ ಆಫ್ ಮಾಡಿ. ಆಮೇಲೆ ಅದು ರಿಪೇರಿಯೋ ಬದಲಾವಣೆಯೋ ನಿಧಾನವಾಗಿ ಯೋಚಿಸಬಹುದು.

ನಾವೂ ಯೋಚಿಸಿದೆವು. ಕಾಯಿಲ್ ಬದಲಾಯಿಸಿದರೆ ಕೂಲಿ ಸೇರಿ ಸಾವಿರದೈನೂರು. ಹೊಸ ಗೀಸರ್ ಎಂಟು ಸಾವಿರದ ಆಸುಪಾಸು. ಹಣವನ್ನಷ್ಟೇ ನೋಡಿದರೆ ರಿಪೇರಿಯೇ ಸರಿ. ನನಗೆ ರಿಪೇರಿ ಮಾಡಿಸಿ ಬಾಳಿಸುವುದೇ ಇಷ್ಟ. ಕೆಟ್ಟ ಕೂಡಲೇ ಬಿಸಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಕಾಯಿಲ್, ಥರ್ಮೋಸ್ಟಾಟ್, ವಾಲ್ವ್, ಗ್ಯಾಸ್ಕೆಟ್ ಎಲ್ಲ ಬಿಡಿಭಾಗ. ಅವು ಹೋದರೆ ಗೀಸರ್ ಹೋಯಿತು ಅಂತ ಅಲ್ಲ. ಯಾರಾದರೂ ಹಾಗೆ ಹೇಳಿ ಹೊಸದು ಮಾರಲು ನೋಡಿದರೆ ಟ್ಯಾಂಕ್ ಹೇಗಿದೆ ಅಂತ ಒಂದೇ ಪ್ರಶ್ನೆ ಕೇಳಿ. ವಾರಂಟಿ ಕಾರ್ಡನ್ನೇ ತೆಗೆದು ನೋಡಿ. ಕಾಯಿಲಿಗೆ ಬೇರೆ, ಟ್ಯಾಂಕಿಗೆ ಬೇರೆ ಬರೆದಿರುತ್ತಾರೆ. ಎಲ್ಲಕ್ಕಿಂತ ಉದ್ದದ ವಾರಂಟಿ ಟ್ಯಾಂಕಿಗೆ. ಗೀಸರ್ ಅಂದರೆ ಟ್ಯಾಂಕೇ ಅನ್ನುವುದು ಮಾಡಿದವರಿಗೂ ಗೊತ್ತು.

ದಾದಾ ಕಾಯಿಲ್ ತೆಗೆದ ಜಾಗದಿಂದ ಒಳಗೆ ಟಾರ್ಚ್ ಬಿಟ್ಟು ನನ್ನನ್ನು ಸ್ಟೂಲ್ ಹತ್ತಿಸಿದರು. “ತಾಈ, ಬಘಾ” ಅಂದರು. ಅಕ್ಕಾ, ನೋಡಿ ಅಂತ. ನೋಡಿದೆ. ನೀಲಿ ಎನಾಮಲ್ ಮೇಲೆ ಬಾಯಿಯ ಸುತ್ತ ಲೇಪ ಎದ್ದು ಉದುರಿತ್ತು. ಅಲ್ಲಿಂದ ತುಕ್ಕಿನ ನಾಲ್ಕೈದು ಗೆರೆ ಕೆಳಗೆ ಇಳಿದಿದ್ದವು. ಮುಲುಂಡ್‌ನ ಚಹಾ ಬಣ್ಣ. ಹೊಸ ಕಡ್ಡಿ ಹಾಕಿದ್ದು ನಾಲ್ಕು ತಿಂಗಳ ಹಿಂದೆ ಮಾತ್ರ. ಹಳೆಯದು ಅದಕ್ಕೂ ಎಷ್ಟೋ ಮುಂಚೆ ಮುಗಿದಿತ್ತು. ಆ ನಡುವಿನ ಕಾಲದಲ್ಲಿ ನೀರು ಟ್ಯಾಂಕನ್ನೇ ತಿಂದಿತ್ತು. ಇನ್ನು ಹೊಸ ಕಾಯಿಲ್ ಹಾಕಿದರೆ ಆರು ತಿಂಗಳೋ ವರ್ಷವೋ.

“ಬೆಸುಗೆ ಹಾಕಿಸಲಿಕ್ಕೆ ಆಗುವುದಿಲ್ಲವಾ?” ಅಂತ ಅಮ್ಮ ಕೇಳಿದರು. ನಮ್ಮ ಹಂಡೆ ಅಜ್ಜಿಯ ಕಾಲದ್ದು, ಮೂರು ಕಡೆ ಬೆಸುಗೆ ಬಿದ್ದಿದೆ, ಈಗಲೂ ಊರಿನಲ್ಲಿದೆ. ನಾನು ದಾದಾರಿಗೆ ಮರಾಠಿಯಲ್ಲಿ ಕೇಳಿ ಹೇಳಿದೆ. ಟ್ಯಾಂಕಿನ ಒಳಗೆ ಗಾಜಿನ ಲೇಪ. ಹೊರಗೆ ಬಿಸಿ ಹಿಡಿದಿಡುವ ಫೋಮ್. ನಡುವಿನ ಉಕ್ಕಿಗೆ ಬೆಂಕಿ ತಾಗಿಸಿದರೆ ಒಳಗಿನ ಲೇಪ ಸಿಡಿಯುತ್ತದೆ, ಹೊರಗಿನ ಫೋಮ್ ಸುಡುತ್ತದೆ. ಒಂದು ತೂತು ಮುಚ್ಚಲು ಹೋಗಿ ಹತ್ತು ತೂತಿಗೆ ದಾರಿ. ತಾಮ್ರದ ಹಂಡೆಗೆ ಒಳಗೂ ತಾಮ್ರವೇ ಹೊರಗೂ ತಾಮ್ರವೇ, ಅದಕ್ಕೇ ಅದು ಬೆಸುಗೆ ತಡೆಯುತ್ತದೆ. ಅಮ್ಮನಿಗೆ ಅರ್ಥವಾಯಿತು. “ಹಾಗಾದರೆ ಹೊಸದೇ ತನ್ನಿ” ಅಂದರು.

ಗ್ಯಾಸ್ ಗೀಸರ್ ಹಾಕಿಸಿ, ಖರ್ಚು ಕಡಿಮೆ ಅಂತ ಪಕ್ಕದ ಮನೆಯವರು ಹೇಳಿದರು. ಪುಣೆಯಲ್ಲಿ ಅದು ತುಂಬ ಮನೆಗಳಲ್ಲಿದೆ. ಬಾಲ್ಕನಿಯಲ್ಲಿ, ಹೊರಗಾಳಿಯಲ್ಲಿ ಇಟ್ಟರೆ ನನ್ನ ತಕರಾರಿಲ್ಲ. ನಮ್ಮಲ್ಲಿ ಅಂಥ ಜಾಗ ಇಲ್ಲ. ಬಾಗಿಲು ಕಿಟಕಿ ಮುಚ್ಚಿದ ಸಣ್ಣ ಬಚ್ಚಲಲ್ಲಿ ಅದು ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆ ಸುತ್ತಿದ್ದು ಗೊತ್ತಾಗುವ ಹೊತ್ತಿಗೆ ಚಿಲಕ ತೆಗೆಯುವ ಶಕ್ತಿ ಇರುವುದಿಲ್ಲ. ಚಳಿಗಾಲ ಬಂತೆಂದರೆ ಇಲ್ಲಿನ ಮರಾಠಿ ಪತ್ರಿಕೆಗಳಲ್ಲಿ ಅಂಥ ಸಾವಿನ ಸುದ್ದಿ ಓದುತ್ತೇವೆ. ಬಚ್ಚಲೊಳಗೆ ಇಟ್ಟಿರುವವರು ಇವತ್ತೇ ಹೊರಗೆ ಹಾಕಿಸಿ. ಅದಕ್ಕೆ ಗೀಸರ್ ಕೆಡುವವರೆಗೆ ಕಾಯುವುದು ಬೇಡ.

ಹೊಸದು ತರುವಾಗ ನಾನು ಅಂಗಡಿಯವರಿಗೆ ಮೊದಲು ಹೇಳಿದ್ದು ಬೋರಿನ ನೀರು ಅಂತ. ಬಣ್ಣ, ಆಕಾರ ಆಮೇಲೆ. ಗಡಸು ನೀರಿಗೆ ತಡೆಯುವ ಲೇಪ, ದಪ್ಪ ಅನೋಡ್, ಅದನ್ನು ಸುಲಭವಾಗಿ ಬಿಚ್ಚುವ ವ್ಯವಸ್ಥೆ. ನಮ್ಮದು ಹನ್ನೊಂದು ಮಹಡಿಯ ಕಟ್ಟಡದಲ್ಲಿ ಮೂರನೇ ಮಹಡಿ. ಮೇಲಿನ ತೊಟ್ಟಿಯಿಂದ ಬರುವ ಒತ್ತಡ ಜಾಸ್ತಿ. ಅದಕ್ಕೇ 8 ಬಾರ್ ಒತ್ತಡ ತಡೆಯುವಂಥದ್ದು. ಐಎಸ್‌ಐ ಗುರುತು ಇರಲೇಬೇಕು. ಸ್ಟಾರ್ ಜಾಸ್ತಿ ಇದ್ದಷ್ಟೂ ಕಾದ ನೀರು ಬೇಗ ತಣಿಯುವುದಿಲ್ಲ. ಥರ್ಮೋಸ್ಟಾಟನ್ನು 60ರ ಹತ್ತಿರ ಇಡಿಸಿದೆ. 75ಕ್ಕೆ ಇಟ್ಟರೆ ಸುಣ್ಣ ಇನ್ನೂ ಬೇಗ ಕೂರುತ್ತದೆ.

ವಾಲ್ವಿನ ಬಗ್ಗೆಯೂ ಒಂದು ಮಾತು. ನೀರು ಕಾಯುವಾಗ ಹಿಗ್ಗುತ್ತದೆ. ಆಗ ಸೇಫ್ಟಿ ವಾಲ್ವಿನಿಂದ ನಾಲ್ಕು ಹನಿ ಬಿದ್ದರೆ ಅದು ಕೆಟ್ಟಿದ್ದಲ್ಲ, ಅದರ ಕೆಲಸವೇ ಅದು. ನಮ್ಮ ವಿಂಗಿನ ಒಂದು ಮನೆಯಲ್ಲಿ ಹನಿ ಬೀಳುತ್ತದೆ ಅಂತ ಅದಕ್ಕೆ ಡಮ್ಮಿ ಹಾಕಿ ಮುಚ್ಚಿಸಿದ್ದರು. ದಾದಾ ನೋಡಿದ ದಿನವೇ ತೆಗೆಸಿದರು. ಒತ್ತಡ ಹೊರಗೆ ಹೋಗುವ ಒಂದೇ ಬಾಗಿಲು ಅದು. ಅದನ್ನು ಮುಚ್ಚಿದರೆ ಗೀಸರ್ ಸಿಡಿಯಲೂಬಹುದು.

ಹಳೆಯ ಗೀಸರನ್ನು ಗುಜರಿಯವನು ಒಯ್ದ. ಹೊಸದರ ಲೈನು ಈಗ ಆರ್‌ಸಿಸಿಬಿ ಮೂಲಕವೇ ಹೋಗುತ್ತದೆ. ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತುತ್ತೇನೆ. ಮನೆಯ ಕರೆಂಟು ಹೋಗಿ ಇವರ ಕಂಪ್ಯೂಟರ್ ಆರಿದರೂ ಸರಿ.

2024ರ ದೀಪಾವಳಿಗೆ ಅಮ್ಮ ಇಲ್ಲೇ ಇದ್ದರು. ನರಕ ಚತುರ್ದಶಿ ಬೆಳಗಿನ ಅಭ್ಯಂಗ ಸ್ನಾನಕ್ಕೆ ಇಡೀ ಸೊಸೈಟಿ ಮೈಗೆ ಹಚ್ಚುವ ಉಟಣೆ ಪುಡಿ, ಎಣ್ಣೆ ಅಂತ ತಯಾರಿಯಲ್ಲಿತ್ತು. ನಮ್ಮ ಮನೆಯಲ್ಲಿ ಅದರ ಹಿಂದಿನ ಸಂಜೆ, ನೀರು ತುಂಬುವ ಹೊತ್ತಿಗೆ, ದಾದಾರನ್ನು ಕರೆಸಿದೆ. ಸ್ವಿಚ್ ಇಳಿಸಿ, ನೀರು ಖಾಲಿ ಮಾಡಿ, ಅವರು ಕಡ್ಡಿ ಬಿಚ್ಚಿ ಅಮ್ಮನ ಕೈಗೆ ಕೊಟ್ಟರು. ಹತ್ತು ತಿಂಗಳಿಗೆ ಅದು ಹೆಬ್ಬೆರಳಿನಿಂದ ಕಿರುಬೆರಳಾಗಿತ್ತು. ಮೈಯೆಲ್ಲ ಹುಳ ತಿಂದ ಹಾಗೆ ಕುಳಿ ಕುಳಿ. ಅಮ್ಮ ಅದನ್ನು ತಮ್ಮ ಕಿರುಬೆರಳಿನ ಪಕ್ಕ ಇಟ್ಟು ನೋಡಿ “ಬದಲಾಯಿಸಿ” ಅಂದರು. ದಾದಾ ಅದನ್ನೇ ಹೇಳಲು ಬಾಯಿ ತೆರೆದಿದ್ದರು.

ತಳದಲ್ಲಿ ಈ ಸಲ ಎರಡು ಹಿಡಿ ಸುಣ್ಣ. ತೊಳೆದು, ಹೊಸ ಕಡ್ಡಿ ಹಾಕಿ, ಮತ್ತೆ ನೀರು ತುಂಬಿಸಿ, ನಲ್ಲಿಯಿಂದ ಗಾಳಿಯೆಲ್ಲ ಹೋದ ಮೇಲೆ ಸ್ವಿಚ್ ಹಾಕಿದರು. ಗೀಸರಿನ ಬದಿಯಲ್ಲಿ ಮಾರ್ಕರ್ ಪೆನ್ನಿನಿಂದ ನಾನು ತಾರೀಖು ಬರೆದೆ. ಹೂವು ಕಟ್ಟಲು ಅಮ್ಮ ಸ್ಟೂಲ್ ಕೇಳಿದರು. ಒದ್ದೆ ನೆಲ, ಕೊಡಲಿಲ್ಲ. ನಾನೇ ಹತ್ತಿ ಕೆಳಗಿನ ಪೈಪಿಗೆ ಚೆಂಡುಹೂವಿನ ಎಳೆ ಸುತ್ತಿದೆ. ಅಮ್ಮ ಕೆಳಗೆ ನಿಂತು ಕಿವಿಗೊಟ್ಟಿದ್ದರು. ನೀರು ಸದ್ದಿಲ್ಲದೆ ಕಾಯುತ್ತಿತ್ತು.